ಸೊಪ್ಪು ಮಾರುವವರಿಗೆ ಒಂದಿಷ್ಟು ನೆರಳು ಕೊಡಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂದರೆ ಸಾಕು, ಕೊತ್ತಂಬರಿ ರೇಟು ಏರಿತು ಎನ್ನುವ ಸುದ್ದಿ ಬರುತ್ತದೆ. ಅದೇ ಹೊತ್ತಿಗೆ ಬೆಳೆದವರ ಸೊಪ್ಪು ಬೆಳಿಗ್ಗೆ ಹತ್ತಕ್ಕೇ ಬಾಡಿ ದನಗಳ ಪಾಲಾಗುತ್ತದಲ್ಲ, ಅದನ್ನು ಯಾರೂ ಬರೆಯುವುದಿಲ್ಲ. ಹಾಗಾಗಿ ಈ ಪತ್ರ.

ನಮ್ಮ ಮನೆಗೆ ಸೊಪ್ಪು ಬರುವುದು ರಾಯಚೂರಿನ ಹೊರಗಿನ ಒಂದು ಸಣ್ಣ ಹೊಲದಿಂದ. ಸುತ್ತ ಹತ್ತಿ, ತೊಗರಿ. ನಡುವೆ ಅರ್ಧ ಎಕರೆ, ಒಂದು ಬೋರ್‌ವೆಲ್, ದುಡಿಯುವವರು ಗಂಡ ಹೆಂಡತಿ ಇಬ್ಬರೇ. ಕೊತ್ತಂಬರಿ, ಪುದೀನ, ಮೆಂತ್ಯ, ಸಬ್ಬಸಗಿ, ಪುಂಡಿ ಬೆಳೆಯುತ್ತಾರೆ. ಒಂದು ಭಾನುವಾರ ಹೋಗಿ ಬದುವಿನ ಮೇಲೆ ಕೂತು ನೋಡಿದೆ. ಆ ಅಕ್ಕ ಕೊತ್ತಂಬರಿ ಕಾಳನ್ನು ನೆಲಕ್ಕೆ ಹರಡಿ ಚಪ್ಪಲಿಯಿಂದ ಮೆಲ್ಲಗೆ ತಿಕ್ಕಿ ಹೋಳು ಮಾಡುತ್ತಿದ್ದರು. ಒಂದು ಕಾಳಿನಲ್ಲಿ ಎರಡು ಬೀಜ ಇರುತ್ತವೆ, ಹಾಗೇ ಬಿತ್ತಿದರೆ ಮೊಳೆಯಲು ತಡವಂತೆ. ಒಡೆದು, ರಾತ್ರಿ ನೆನೆಸಿ, ಬಿತ್ತಿ, ನೀರು ಹಾಯಿಸಿ, ಕಳೆ ತೆಗೆದು 40 ದಿನ ಕಾದ ಮೇಲೆ ಒಂದು ಮಡಿ ಕೈಗೆ ಬರುತ್ತದೆ. ಎಲ್ಲ ಮಡಿಗೂ ಒಟ್ಟಿಗೆ ಬಿತ್ತುವುದಿಲ್ಲ, ವಾರಕ್ಕೊಂದರಂತೆ.

ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಕೊತ್ತಂಬರಿ ಎಲೆ ಬಿಡುವುದು ಬಿಟ್ಟು ಹೂವಿಗೆ ಹೋಗಿಬಿಡುತ್ತದೆ, ಎಲೆಯೆಲ್ಲ ನೂಲಿನ ಹಾಗೆ. ಅದಕ್ಕೇ ಅವರು ಕೋಲು ನೆಟ್ಟು ಹಳೇ ಸೀರೆ ಕಟ್ಟಿ ಮಡಿಗೆ ನೆರಳು ಮಾಡಿದ್ದಾರೆ. ಪುಂಡಿಗೆ ಈ ತೊಂದರೆ ಜಾಸ್ತಿ ಇಲ್ಲ, ಬಿಸಿಲು ತಡೆಯುತ್ತದೆ. ಬೆಳಿಗ್ಗೆ ಕಿತ್ತ ಪುಂಡಿಗೆ ಜೋಳದ ನುಚ್ಚು ಹಾಕಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು, ಬಿಸಿ ರೊಟ್ಟಿ ಜೊತೆ ತಿಂದವರಿಗೆ ಗೊತ್ತು, ಎರಡು ದಿನ ಫ್ರಿಜ್‌ನಲ್ಲಿಟ್ಟ ಸೊಪ್ಪಿಗೆ ಆ ಹುಳಿ ಎಲ್ಲಿಂದ ಬರಬೇಕು?

ಹೊಲದಲ್ಲಿ ಸೀರೆಯಾದರೂ ಇದೆ, ಪೇಟೆಯಲ್ಲಿ ಅದೂ ಇಲ್ಲ. ರಸ್ತೆ ಬದಿ ಗೋಣಿಚೀಲ ಹಾಸಿ, ಬೇರಿನ ಮಣ್ಣು ಹಾಗೇ ಇರುವ ಕಟ್ಟುಗಳನ್ನು ಒದ್ದೆ ಬಟ್ಟೆಯಲ್ಲಿ ಮುಚ್ಚಿಟ್ಟು, ಬಾಟಲಿ ನೀರು ಚಿಮುಕಿಸುತ್ತಾ ಕೂರುತ್ತಾರೆ. ಬಾಟಲಿ ಖಾಲಿಯಾದರೆ ಪಕ್ಕದ ಹೋಟೆಲ್‌ನವರನ್ನು ಕೇಳಬೇಕು. ಎಲೆ ಜೋತು ಬಿದ್ದ ತಕ್ಷಣ ಗಿರಾಕಿ ಅರ್ಧ ರೇಟಿಗೆ ಕೇಳುತ್ತಾರೆ.

ನಾವು ಕೊಳ್ಳುವವರೂ ಸ್ವಲ್ಪ ಬದಲಾಗಬೇಕು. ತರಕಾರಿ ತೆಗೆದುಕೊಂಡ ಮೇಲೆ ಕೊತ್ತಂಬರಿ, ಕರಿಬೇವು ಸುಮ್ನೆ ಕೊಸರಿಗೆ ಹಾಕು ಅಂತೀವಿ, ನಾನೂ ಎಷ್ಟೋ ವರ್ಷ ಹಾಗೇ ಕೇಳಿದ್ದೇನೆ. ಮಡಿಯ ಹತ್ತಿರ ಕೂತು ಬಂದ ಮೇಲೆ ಬಾಯಿ ಬರುತ್ತಿಲ್ಲ. ಬೇರು ಸಮೇತ ಕೊಂಡು ಒಂದು ಲೋಟ ನೀರಲ್ಲಿ ನಿಲ್ಲಿಸಿದರೆ ಎರಡು ಮೂರು ದಿನ ಚೆನ್ನಾಗಿರುತ್ತದೆ, ದುಡ್ಡು ವ್ಯರ್ಥ ಅಲ್ಲ.

ಸಂಬಂಧಪಟ್ಟವರಲ್ಲಿ ಕೇಳುವುದು ಇಷ್ಟೇ. ಬೆಳೆದವರೇ ತಂದು ಮಾರಲು ಬೆಳಿಗ್ಗೆ ಐದರಿಂದ ಹನ್ನೊಂದರವರೆಗೆ ಒಂದು ಜಾಗ ಗೊತ್ತು ಮಾಡಿ. ಮೇಲೆ ಹಸಿರು ನೆರಳು ಬಲೆ, ಒಂದು ನಲ್ಲಿ. ತಗಡು ಬೇಡ, ಅದರ ಕೆಳಗೆ ಇನ್ನೂ ಕುದಿ ಜಾಸ್ತಿ. ಶಿವರಾತ್ರಿ ಕಳೆದರೆ ಬಿಸಿಲು ಶುರುವಾಗುತ್ತದೆ, ಅದಕ್ಕೆ ಮೊದಲೇ ಆದರೆ ಒಳ್ಳೆಯದು.

ಇತಿ,
ಒಬ್ಬ ಓದುಗ, ರಾಯಚೂರು