ಮೈನಸ್ ಪಿನ್ನು ಗ್ರೌಂಡ್ ಅಲ್ಲ

ಮಾನ್ಯ ಸಂಪಾದಕರೇ,

ಡಿಪ್ಲೊಮಾ ಮುಗಿಸಿ ಪುಣೆಯ ಬಳಿಯ ಭೋಸರಿ, ಚಾಕಣದ ಕಾರ್ಖಾನೆಗಳಿಗೆ ಬಂದಿರುವ ನಮ್ಮ ಕಡೆಯ ಹುಡುಗರು ಓದಲೆಂದು ಇದನ್ನು ಬರೆಯುತ್ತಿದ್ದೇನೆ. ತೂಕದ ಯಂತ್ರದ ಒಳ್ಳೆಯ ಬೋರ್ಡನ್ನೇ ‘ಕೆಟ್ಟಿದೆ’ ಎಂದು ಕಿತ್ತುಹಾಕುವುದಕ್ಕೆ ಎಷ್ಟೋ ಸಲ ಅಳೆಯುವ ರೀತಿಯೇ ಕಾರಣ.

ಆ ಬೋರ್ಡಿನಲ್ಲಿ ಸಣ್ಣ ಸಿಗ್ನಲನ್ನು ಹಿಗ್ಗಿಸುವ, ಎಷ್ಟು ಪಟ್ಟು (ಗೇನ್) ಎಂದು ಹೊಂದಿಸಬಹುದಾದ ಚಿಪ್ಪು ಇರುತ್ತದೆ. ಪಿಜಿಎ280ರಂಥ ಈ ಪ್ರೋಗ್ರಾಮೆಬಲ್ ಗೇನ್ ಆಂಪ್ಲಿಫೈಯರ್‌ಗೆ ಪ್ಲಸ್, ಮೈನಸ್ ಎಂದು ಔಟ್‌ಪುಟ್ ಎರಡು. ತಕ್ಕಡಿಯ ತಟ್ಟೆಗಳ ಹಾಗೆ ಒಂದು ಎಷ್ಟು ಏರುತ್ತದೋ ಇನ್ನೊಂದು ಅಷ್ಟೇ ಇಳಿಯುತ್ತದೆ. ನಡುವಿನ ಮಟ್ಟವನ್ನು ಕಾಮನ್-ಮೋಡ್ ಪಿನ್ನು ನಿರ್ಧರಿಸುತ್ತದೆ. 5 ವೋಲ್ಟ್ ಸಪ್ಲೈಗೆ ಸಾಮಾನ್ಯವಾಗಿ 2.5. ಲೋಡ್ ಸೆಲ್ (ಭಾರವನ್ನು ಸಣ್ಣ ವೋಲ್ಟೇಜ್ ಆಗಿಸುವ ಸೆನ್ಸರ್) ಪೂರ್ತಿ ಭಾರಕ್ಕೆ 20 ಮಿಲಿವೋಲ್ಟ್ ಕೊಟ್ಟು, ಗೇನ್ 128 ಇದ್ದರೆ ಎರಡರ ನಡುವೆ 2.56 ವೋಲ್ಟ್ ಬರಬೇಕು. ಗ್ರೌಂಡ್‌ನಿಂದ ಅಳೆದರೆ ಪ್ಲಸ್ 3.78, ಮೈನಸ್ 1.22. ಭಾರ ಎಷ್ಟೇ ಇರಲಿ, ಎರಡರ ಮೊತ್ತ 5 ಆಗಿಯೇ ಉಳಿಯಬೇಕು. ಮಲ್ಟಿಮೀಟರ್ ಹಿಡಿದರೆ ಮೊದಲು ನೋಡಬೇಕಾದದ್ದು ಇದನ್ನೇ. ಭಾರವಿಲ್ಲದಾಗ ಪ್ಲಸ್‌ನಲ್ಲಿ 2.5 ಕಂಡರೆ ಅದು ಆಫ್‌ಸೆಟ್ ದೋಷವಲ್ಲ (ಸೊನ್ನೆ ಇರಬೇಕಾದಲ್ಲಿ ಬೇರೆ ಅಂಕಿ ಬರುವ ದೋಷ).

ಆಸಿಲೋಸ್ಕೋಪಿನ (ವೋಲ್ಟೇಜಿನ ಅಲೆಯನ್ನು ಪರದೆಯಲ್ಲಿ ತೋರಿಸುವ ಯಂತ್ರ) ಪ್ರೋಬ್ ತುದಿಯನ್ನು ಪ್ಲಸ್‌ಗೆ, ಮೊಸಳೆ ಕ್ಲಿಪ್ಪನ್ನು ಮೈನಸ್‌ಗೆ ಹಾಕುವುದೇ ದೊಡ್ಡ ತಪ್ಪು. ಆ ಕ್ಲಿಪ್ಪು ಸಾಮಾನ್ಯವಾಗಿ ಸ್ಕೋಪಿನೊಳಗೆ ಮೇನ್ಸ್ ಅರ್ಥಿಂಗ್‌ಗೆ ಸೇರಿರುತ್ತದೆ. ಬೋರ್ಡಿನ ಗ್ರೌಂಡೂ ಅರ್ಥ್ ಆಗಿದ್ದರೆ ಮೈನಸ್ ನೇರ ಸೊನ್ನೆಗೆ ಶಾರ್ಟ್ ಆಗುತ್ತದೆ. ಸರಾಸರಿಯನ್ನು 2.5ಕ್ಕೆ ತರಲು ಚಿಪ್ಪು ಪ್ಲಸ್ಸನ್ನು 5ರತ್ತ ತಳ್ಳಿ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ, ಬಿಸಿಯೂ ಆಗುತ್ತದೆ. ‘ಸ್ಯಾಚುರೇಟ್ ಆಗಿದೆ, ಹೊಸದು ಹಾಕಿ’ ಎನ್ನುವುದು ಇಲ್ಲಿಂದಲೇ. ಎರಡು ಪ್ರೋಬ್ ಬಳಸಿ, ಎರಡನ್ನೂ 10ಎಕ್ಸ್‌ನಲ್ಲಿಟ್ಟು (ಸಿಗ್ನಲನ್ನು ಹತ್ತನೇ ಒಂದಕ್ಕೆ ಇಳಿಸುವ ಸ್ಥಾನ) ಕಾಂಪೆನ್ಸೇಟ್ ಮಾಡಿ, ಅಂದರೆ ಸ್ಕೋಪಿಗೆ ಹೊಂದಿಸಿ, ಕ್ಲಿಪ್ಪುಗಳನ್ನು ಬೋರ್ಡಿನ ಗ್ರೌಂಡ್‌ಗೆ ಹಾಕಿ, ಚಾನೆಲ್ ಒಂದರಿಂದ ಎರಡನ್ನು ಕಳೆಯಿರಿ.

ಮುಕ್ಕಾಲು ಭಾರದವರೆಗೆ ಸರಿಯಾಗಿದ್ದ ರೀಡಿಂಗ್ ಆಮೇಲೆ ಬಾಗತೊಡಗಿದರೆ ಕಾಮನ್-ಮೋಡ್ ಪಿನ್ನನ್ನು ನೋಡಿ. ಅಲ್ಲಿ 2.5ರ ಬದಲು 1 ವೋಲ್ಟ್ ಇದ್ದರೆ ಪೂರ್ತಿ ಭಾರಕ್ಕೆ ಮೈನಸ್ ಸೊನ್ನೆಗಿಂತ 0.28 ಕೆಳಗಿಳಿಯಬೇಕಾಗುತ್ತದೆ, ಅದು ಸಾಧ್ಯವಿಲ್ಲ. ಆ ಪಿನ್ನಿನ ಹತ್ತಿರ, ಮಟ್ಟ ಅಲುಗಾಡದಂತೆ ಹಿಡಿಯುವ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಇದೆಯೇ ಎಂದೂ ನೋಡಿ.

ಮೈನಸ್ ಬಿಟ್ಟು ಪ್ಲಸ್ ಒಂದನ್ನೇ ಎಡಿಸಿಗೆ (ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪಿಗೆ) ಕೊಟ್ಟರೆ ಸಿಗ್ನಲ್ ಅರ್ಧ. ಅದಕ್ಕಿಂತ ಕೆಟ್ಟದ್ದೆಂದರೆ, ಪಕ್ಕದ ಮೋಟಾರು ಡ್ರೈವಿನಿಂದ ಎರಡೂ ತಂತಿಗೆ ಸಮನಾಗಿ ಹತ್ತುವ ನಾಯ್ಸ್ ಕಳೆದುಹೋಗುವ ದಾರಿಯೇ ಮುಚ್ಚುತ್ತದೆ. ಎರಡೂ ತಂತಿಗಳನ್ನು ಹೆಣೆದು ಜೊತೆಯಾಗಿಯೇ ಎಡಿಸಿಯವರೆಗೆ ಒಯ್ಯಿರಿ.

– ಇನ್‌ಸ್ಟ್ರುಮೆಂಟೇಶನ್ ತಂತ್ರಜ್ಞ, ಭೋಸರಿ, ಪುಣೆ