ಮಗಳಿಗೊಂದು ಪತ್ರ: ಸೊನ್ನೆ ಹಾಕುವ ಮೊದಲು

ಪ್ರೀತಿಯ ಮಗಳೇ,

ನಿನ್ನೆ ಫೋನಿನಲ್ಲಿ ನಾನು ಹಾಗೆ ರೇಗಬಾರದಿತ್ತು. ಎಐ ಬರೆದ ಪ್ರಬಂಧ ಅಂತ ಸಾಫ್ಟ್‌ವೇರ್ ತೋರಿಸಿತು, ಕ್ಲಾಸಿನ ಆ ಹುಡುಗಿಗೆ ಸೊನ್ನೆ ಹಾಕಿದೆ ಎಂದು ನೀನು ಹೇಳಿದೆ ನೋಡು, ನನ್ನ ದನಿ ಏರಿಬಿಟ್ಟಿತು. "ನಿನ್ನ ಕಾಲ ಬೇರೆ ಅಮ್ಮ" ಎಂದು ನೀನು ಫೋನ್ ಇಟ್ಟೆ. ರಾತ್ರಿ ನಿದ್ದೆ ಬರಲಿಲ್ಲ.

ನಿನಗೆ ಯಾವತ್ತೂ ಹೇಳದ ಒಂದು ವಿಷಯ ಇದೆ. ನಾನು ಪಾಠ ಮಾಡಲು ಶುರು ಮಾಡಿದ ಎರಡನೇ ವರ್ಷ. 'ರೇರುಮ್ ನೊವಾರುಮ್' ಬಗ್ಗೆ ಪ್ರಬಂಧ ಬರೆಸಿದ್ದೆ. 1891ರಲ್ಲಿ ಪೋಪ್ 13ನೇ ಲಿಯೋ ಕೆಲಸಗಾರರ ಕೂಲಿಯ ಬಗ್ಗೆ, ಸಂಘ ಕಟ್ಟುವ ಹಕ್ಕಿನ ಬಗ್ಗೆ ಬರೆದ ಪತ್ರ. ನಿನಗೇನು ಹೇಳುವುದು ಅದನ್ನು! ಹಿಂದಿನ ಬೆಂಚಿನ ಒಬ್ಬ ಹುಡುಗ, ಬಾಯೇ ಬಿಡದವನು, ತುಂಬಾ ಚೆನ್ನಾಗಿ ಬರೆದಿದ್ದ. ಇಬ್ಬರೂ ಒಪ್ಪಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ, ಅದರಲ್ಲಿ ಬದುಕು ಸಾಗಬೇಕು ಎಂದಿತ್ತು. ಇವನು ಹೀಗೆ ಬರೆಯೋಕೆ ಸಾಧ್ಯವೇ ಇಲ್ಲ ಅನ್ನಿಸಿತು ನನಗೆ. ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ ಎಲ್ಲರ ಎದುರು ನೋಟ್‌ಬುಕ್ ಕೊಟ್ಟೆ. ಅವನು ಏನೂ ಅನ್ನಲಿಲ್ಲ. ಸೊನ್ನೆಯ ಮೇಲೆ ಹೆಬ್ಬೆರಳಿಟ್ಟು ಮುಚ್ಚಿಕೊಂಡ.

ವಾರ ಕಳೆದು ಅದೇ ನೋಟ್‌ಬುಕ್ ಕೈಗೆ ಬಂತು. ಕೊನೆಯ ಹಾಳೆಗಳಲ್ಲಿ ಅದೇ ಪ್ರಬಂಧ ಮೂರು ಸಲ ಇತ್ತು. ಸಾಲಿಗೆ ಸಾಲು ಹೊಡೆದುಹಾಕಿದ್ದ. ನಡುವೆ ಶಾಯಿ ಮುಗಿದು ಪೆನ್ಸಿಲಿನಲ್ಲಿ ಮುಂದುವರಿಸಿದ್ದ. ನಾನು ಆ ಹಾಳೆ ತಿರುಗಿಸಿಯೇ ಇರಲಿಲ್ಲ. ಅಂಕವೇನೋ ತಿದ್ದಿದೆ, ತಪ್ಪಾಯ್ತು ಅನ್ನಲಿಲ್ಲ. ಟೀಚರ್ ಎಂಬ ಬಿಗುಮಾನ. ಆಮೇಲೆ ಅವನು ನನ್ನ ವಿಷಯದಲ್ಲಿ ಪಾಸಾಗುವಷ್ಟು ಮಾತ್ರ ಬರೆದ. ಆ ಹೆಬ್ಬೆರಳು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಗುರಿನ ಸಂದಿಯಲ್ಲಿ ಶಾಯಿ ಇತ್ತು ಮಗಳೇ. ಅದನ್ನೂ ನಾನು ನೋಡಿದ್ದೆ.

ನಿನ್ನ ಸಾಫ್ಟ್‌ವೇರ್ ಆ ಹುಡುಗಿಯ ಮುಖ ನೋಡಿಲ್ಲ. ಪದಗಳ ಜೋಡಣೆ ನೋಡಿ ಒಂದು ಅಂದಾಜು ಹೇಳುತ್ತದೆ, ಅಷ್ಟೆ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿಯೇ ತನ್ನ ಪತ್ತೆ ಸಾಧನ ಸರಿಯಾಗಿ ಗುರುತಿಸುತ್ತಿಲ್ಲ ಅಂತ 2023ರ ಜುಲೈನಲ್ಲಿ ನಿಲ್ಲಿಸಿತು. ತನ್ನದಲ್ಲದ ಭಾಷೆಯಲ್ಲಿ, ಗೊತ್ತಿರುವ ನಾಲ್ಕು ಪದಗಳಲ್ಲಿ ಬರೆಯುವ ಮಕ್ಕಳೇ ಇಂಥದ್ದರಲ್ಲಿ ಸುಮ್ನೆ ಸಿಕ್ಕಿಬೀಳುತ್ತಾರೆ. ಎಐ ಬಗ್ಗೆ ವ್ಯಾಟಿಕನ್ 2025ರ ಜನವರಿಯಲ್ಲಿ ಹೊರತಂದ ಟಿಪ್ಪಣಿ 'ಆಂತಿಕ್ವಾ ಎತ್ ನೋವಾ' ನೀನೇ ಪಾಠ ಮಾಡುತ್ತೀಯಲ್ವಾ? ಯಂತ್ರ ಏನೇ ಹೇಳಲಿ, ಹೊಣೆ ಮನುಷ್ಯನದೇ ಎಂದು ಅದರಲ್ಲೇ ಇದೆ.

ನೋಡು, ಮತ್ತೆ ಪಾಠಕ್ಕೆ ಇಳಿದೆ. ಪೋಪ್ 14ನೇ ಲಿಯೋ ಎಐ ಕಾಲವನ್ನು ಮನಸ್ಸಲ್ಲಿಟ್ಟುಕೊಂಡೇ, ಕೆಲಸಗಾರರ ಪರ ಬರೆದ 13ನೇ ಲಿಯೋ ಅವರನ್ನು ನೆನೆದು ಆ ಹೆಸರು ಆರಿಸಿಕೊಂಡರು ಎಂದು ನೀನು ಮಕ್ಕಳಿಗೆ ವಿವರಿಸಿದ ವಿಡಿಯೋವನ್ನು ಎರಡು ಸಲ ನೋಡಿದ್ದೇನೆ. ನನಗಿಂತ ಎಷ್ಟೋ ಚೆನ್ನಾಗಿ ಹೇಳುತ್ತೀ. ಅದಕ್ಕೇ ಇಷ್ಟು ಭಯ.

ಶುಕ್ರವಾರದ ಕ್ಲಾಸಿಗೆ ಮೊದಲು ಅವಳೊಬ್ಬಳನ್ನೇ ಕರೆದು ಕೂರಿಸು. ಹೇಗೆ ಬರೆದೆ ಎಂದು ಕೇಳು. ಎಐ ಕೈಲಿ ಬರೆಸಿದ್ದರೂ ಯಾಕೆ ಅಂತ ಕೇಳು. ಆಮೇಲೆ ರಾತ್ರಿ ಎಷ್ಟು ಹೊತ್ತಾದರೂ ಫೋನ್ ಮಾಡು, ಎಚ್ಚರವಾಗಿರುತ್ತೇನೆ.

ನಿನ್ನ
ಅಮ್ಮ