ಪಿಗ್ಮಿ ಸಂಗ್ರಹದ ವೆಬ್ ಸೇವೆ: ಒಂದೇ ರಶೀದಿ ಮತ್ತೆ ಮತ್ತೆ ಜಮೆಯಾಗುತ್ತಿರುವ ಬಗ್ಗೆ ದೂರು

ಉಡುಪಿ, ಜುಲೈ 9

ಇವರಿಂದ:
ಗಣಕ ವಿಭಾಗ, ಪತ್ತಿನ ಸಹಕಾರ ಸಂಘದ ಪ್ರಧಾನ ಕಚೇರಿ, ಉಡುಪಿ

ಇವರಿಗೆ:
ತಾಂತ್ರಿಕ ಬೆಂಬಲ ವಿಭಾಗದ ಮುಖ್ಯಸ್ಥರು, ಮಂಗಳೂರು

ವಿಷಯ: ಜೂನ್ 18ರ ನವೀಕರಣದ ನಂತರ ಪಿಗ್ಮಿ ಸಂಗ್ರಹ ಸೇವೆಯಲ್ಲಿ ಕಂಡುಬಂದ ದೋಷಗಳು

ಮಾನ್ಯರೇ,

ಎಲ್ಲಕ್ಕಿಂತ ಮೊದಲು ಒಂದು ತುರ್ತು ಮಾತು. ಸಂದೇಶಗಳನ್ನು ಸಾಲಿನಲ್ಲಿಟ್ಟು ತಲುಪಿಸುವ ನಿಮ್ಮ ಆಕ್ಟಿವ್‌ಎಂಕ್ಯೂ ಸರ್ವರ್‌ನಲ್ಲಿ, ತಲುಪಿಸಲಾಗದವನ್ನು ಹಾಕಿಡುವ ಡಿಎಲ್‌ಕ್ಯೂಗೆ (ಡೆಡ್ ಲೆಟರ್ ಕ್ಯೂ) ಬಿದ್ದಿರುವ ಸಂದೇಶಗಳನ್ನೆಲ್ಲ ಈ ವಾರಾಂತ್ಯದಲ್ಲಿ ಮರಳಿ ಕಳಿಸುತ್ತೇವೆ ಎಂದು ನಿಮ್ಮ ಸಿಬ್ಬಂದಿ ನಿನ್ನೆ ಇಮೇಲ್ ಬರೆದಿದ್ದಾರೆ. ದಯವಿಟ್ಟು ಕಳಿಸಬೇಡಿ, ಅಳಿಸಲೂ ಬೇಡಿ. ನಿಮ್ಮ ಲೆಕ್ಕದಲ್ಲಿ ಅವು ವಿಫಲವಾದ ಸಂದೇಶಗಳು. ನಮ್ಮ ಲೆಡ್ಜರ್‌ನಲ್ಲಿ ಅವು ಆಗಲೇ ಜಮೆಯಾಗಿವೆ, ಕೆಲವಂತೂ ಏಳೇಳು ಸಲ. ಅವುಗಳ ಪ್ರತಿಯನ್ನು ಕಡತವಾಗಿ ನಮಗೆ ಕೊಡಿ. ತಾಳೆ ನೋಡುವ ಕೆಲಸ ನಮ್ಮದು.

ಏಳು ಎಂಬ ಸಂಖ್ಯೆ ಎಲ್ಲಿಂದ ಬಂತು ಎನ್ನುವುದರಲ್ಲೇ ದೂರಿನ ತಿರುಳಿದೆ. ಏಜೆಂಟರ ಮೆಷಿನ್‌ನಿಂದ ಹೊರಟ ದಿನದ ಸಂಗ್ರಹ ನಿಮ್ಮ ಕ್ಯೂಗೆ ಬರುತ್ತದೆ. ಕ್ಯೂ ಕಾಯುವ ನಿಮ್ಮ ಲಿಸನರ್ ಪ್ರೋಗ್ರಾಂ ಅದನ್ನು ಎತ್ತಿಕೊಂಡು, ವೆಬ್ ಸೇವೆ ಕರೆಯುವ ಸಿಎಕ್ಸ್‌ಎಫ್ ಕ್ಲೈಂಟ್ ಮೂಲಕ ನಮ್ಮ ಜಮೆ ಸೇವೆಯನ್ನು ಕರೆಯುತ್ತದೆ. ನವೀಕರಣಕ್ಕೆ ಮುಂಚೆ ಒಂದು ಸಂದೇಶದಲ್ಲಿ 50 ರಶೀದಿ ಇರುತ್ತಿದ್ದವು. ಈಗ ಒಂದು ಮೆಷಿನ್‌ನ ಇಡೀ ದಿನದ ಸಂಗ್ರಹ ಒಂದೇ ಸಂದೇಶವಾಗಿ ಬರುತ್ತಿದೆ. ಸಂಜೆ ಏಳರ ಹೊತ್ತಿಗೆ ಕಾಪು, ಬ್ರಹ್ಮಾವರ, ಕುಂದಾಪುರ, ಕಾರ್ಕಳದ ಏಜೆಂಟರೆಲ್ಲ ಒಟ್ಟಿಗೆ ಕಳಿಸಿದಾಗ ಇಂಥದೊಂದು ಸಂದೇಶವನ್ನು ಜಮೆ ಮಾಡಿ ಮುಗಿಸಲು ನಮ್ಮ ಸರ್ವರ್‌ಗೆ 70ರಿಂದ 90 ಸೆಕೆಂಡ್ ಬೇಕು. ಸಿಎಕ್ಸ್‌ಎಫ್ ಕ್ಲೈಂಟ್ ಉತ್ತರಕ್ಕಾಗಿ ಕಾಯುವ ಮೂಲ ಮಿತಿ 60,000 ಮಿಲಿಸೆಕೆಂಡ್. ನೀವು ಅದನ್ನು ಮುಟ್ಟಿಲ್ಲ.

60ನೇ ಸೆಕೆಂಡಿಗೆ ನಿಮ್ಮ ಕಡೆ 'ರೀಡ್ ಟೈಮ್ಡ್ ಔಟ್' ಎಂದು ಎಕ್ಸೆಪ್ಶನ್ (ದೋಷದ ಸೂಚನೆ) ಏಳುತ್ತದೆ. ಲಿಸನರ್ ಅದನ್ನು ಹಾಗೇ ಹೊರಗೆ ಬಿಡುತ್ತದೆ. ಸಂದೇಶ ತಲುಪಿಲ್ಲವೆಂದು ಭಾವಿಸಿ ಆಕ್ಟಿವ್‌ಎಂಕ್ಯೂ ಒಂದು ಸೆಕೆಂಡ್ ಬಿಟ್ಟು ಮತ್ತೆ ಕೊಡುತ್ತದೆ. ಅದರ ಮೂಲ ಸೆಟ್ಟಿಂಗ್‌ನಲ್ಲಿ ಮರುಪ್ರಯತ್ನ 6 ಸಲ. ಮೊದಲಿನದೂ ಸೇರಿದರೆ ಏಳು, ಆಮೇಲೆ ಡಿಎಲ್‌ಕ್ಯೂ. ಇತ್ತ ಜಮೆ ಸೇವೆ ನಡೆಸುವ ನಮ್ಮ ಟಾಮ್‌ಕ್ಯಾಟ್ ಸರ್ವರ್‌ಗೆ ನೀವು ಫೋನ್ ಇಟ್ಟದ್ದು ಗೊತ್ತೇ ಆಗುವುದಿಲ್ಲ. ಹಿಡಿದ ಕೆಲಸ ಮುಗಿಸಿ, ಡೇಟಾಬೇಸ್‌ಗೆ ಕಮಿಟ್ ಮಾಡಿ (ಖಾಯಂ ಬರೆದು), ಉತ್ತರ ಬರೆಯಲು ಹೋದಾಗಷ್ಟೇ ಆ ಕಡೆ ಯಾರೂ ಇಲ್ಲವೆಂದು ಅದಕ್ಕೆ ತಿಳಿಯುವುದು. ಅಷ್ಟರಲ್ಲಿ ಅದೇ ಬ್ಯಾಚ್‌ನ ಎರಡನೇ ಪ್ರತಿ ಒಳಗೆ ಬಂದು ಕೂತಿರುತ್ತದೆ, ಸರ್ವರ್ ಇನ್ನಷ್ಟು ನಿಧಾನವಾಗುತ್ತದೆ, ಅದೂ 60 ದಾಟುತ್ತದೆ. ದಿನಕ್ಕೆ 100 ರೂಪಾಯಿ ಕಟ್ಟುವ ರಥಬೀದಿಯ ಅಂಗಡಿಯವರ ಪಾಸ್‌ಬುಕ್‌ನಲ್ಲಿ 700 ರೂಪಾಯಿ ಕಾಣುವುದು ಹೀಗೆ.

"ನಿಮ್ಮ ಕಡೆಯ ನೆಟ್‌ವರ್ಕ್ ಸರಿಯಿಲ್ಲ, ಬ್ಯಾಂಡ್‌ವಿಡ್ತ್ ಹೆಚ್ಚಿಸಿ" ಎಂಬ ಉತ್ತರ ನಿಮ್ಮಿಂದ ಮೂರು ಸಲ ಬಂದಿದೆ. ಲಾಗ್ ಬೇರೆಯದನ್ನೇ ಹೇಳುತ್ತದೆ. ಟಾಮ್‌ಕ್ಯಾಟ್‌ನ ಮುಂದೆ ನಿಂತು ಕರೆಗಳನ್ನು ಒಳಗೆ ದಾಟಿಸುವ ನಮ್ಮ ಎಂಜಿನ್‌ಎಕ್ಸ್ ಉತ್ತರಕ್ಕಾಗಿ ಕಾಯುವ ಮಿತಿ (ಪ್ರಾಕ್ಸಿ ರೀಡ್ ಟೈಮ್‌ಔಟ್) 180 ಸೆಕೆಂಡ್. ನಾವೇ ಸಂಪರ್ಕ ಕಡಿದಿದ್ದರೆ 504 ಎಂಬ ದೋಷ ಸಂಖ್ಯೆ ದಾಖಲಾಗಬೇಕಿತ್ತು. ದಾಖಲಾಗಿರುವುದು 499: ಉತ್ತರ ಸಿಗುವ ಮೊದಲೇ ಕರೆದವರು ಸಂಪರ್ಕ ಮುಚ್ಚಿದಾಗ ಎಂಜಿನ್‌ಎಕ್ಸ್ ಬರೆಯುವ ಸಂಖ್ಯೆ ಅದು. ಒಂದೊಂದು ಬ್ಯಾಚ್‌ಗೆ ಇಂಥ ಏಳು ಸಾಲುಗಳಿವೆ, ಸಾಲಿನಿಂದ ಸಾಲಿಗೆ ಸುಮಾರು 61 ಸೆಕೆಂಡ್ ಅಂತರ. ಕೆಟ್ಟ ನೆಟ್‌ವರ್ಕ್ ಇಷ್ಟು ಶಿಸ್ತಾಗಿ ಗಡಿಯಾರ ನೋಡಿಕೊಂಡು ಕೆಡುವುದಿಲ್ಲ.

ಟೈಮ್‌ಔಟನ್ನು ಐದು ನಿಮಿಷಕ್ಕೆ ಏರಿಸಿ ಕೈತೊಳೆದುಕೊಳ್ಳುತ್ತೀರಿ ಎಂಬ ಅನುಮಾನ ನಮಗಿದೆ. ಏರಿಸಿ, ಬೇಡವೆನ್ನುವುದಿಲ್ಲ, ಆದರೆ ಅದು ಪರಿಹಾರವಲ್ಲ. ನಾವು ಕಮಿಟ್ ಮಾಡಿದ ಮರುಕ್ಷಣವೇ ಮಳೆಗೆ ಎಲ್ಲೋ ಮರ ಬಿದ್ದು ಕೇಬಲ್ ತುಂಡಾದರೆ ಮತ್ತೆ ಇದೇ ಕಥೆ. ಉತ್ತರ ಬರಲಿಲ್ಲ ಎಂದ ಮಾತ್ರಕ್ಕೆ ಕೆಲಸ ಆಗಿಲ್ಲ ಎಂದು ಎಣಿಸುವಂತಿಲ್ಲ. 'ಆಗುವುದಿಲ್ಲ' ಎಂಬ ಉತ್ತರ ಬರುವುದು ಬೇರೆ, ಉತ್ತರವೇ ಬಾರದಿರುವುದು ಬೇರೆ. ನಿಮ್ಮ ಲಿಸನರ್ ಇವೆರಡನ್ನೂ ಪೂರ್ತಿ ತಿರುವುಮುರುವು ಮಾಡಿದೆ.

ಅದರ ಇನ್ನೊಂದು ಮುಖವನ್ನೂ ನೋಡಿ. ಬ್ಯಾಚ್‌ನಲ್ಲಿ ಮುಚ್ಚಿದ ಖಾತೆಯೊಂದರ ರಶೀದಿ ಇದ್ದರೆ ನಾವು ಇಡೀ ಬ್ಯಾಚನ್ನು ರೋಲ್‌ಬ್ಯಾಕ್ ಮಾಡಿ (ಜಮೆ ಮಾಡದೆ ಹಿಂದೆಗೆದು), ಕಾರಣ ಸಹಿತ ಸೋಪ್ (ವೆಬ್ ಸೇವೆಯ ಸಂದೇಶ ವಿಧಾನ) ಫಾಲ್ಟ್, ಅಂದರೆ ನಿರಾಕರಣೆಯ ಉತ್ತರ ಕಳಿಸುತ್ತೇವೆ. ನೀವೇ ಕಳಿಸಿಕೊಟ್ಟ ಲಾಗ್ ಪ್ರಕಾರ ಲಿಸನರ್ ಈ ಸೋಪ್‌ಫಾಲ್ಟ್‌ಎಕ್ಸೆಪ್ಶನನ್ನು ಹಿಡಿದು, ಒಂದು ಸಾಲು ಲಾಗ್ ಬರೆದು, ಏನೂ ಆಗದವರಂತೆ ಮರಳುತ್ತದೆ. ಸಂದೇಶ ಸಿಕ್ಕಿತೆಂದು ಅಕ್ನಾಲೆಜ್ ಮಾಡುವ ವಿಧಾನ 'ಆಟೋ' ಆಗಿರುವುದರಿಂದ ಕ್ಯೂ ಆ ಸಂದೇಶವನ್ನು ಮುಗಿಯಿತೆಂದು ಬಿಸಾಡುತ್ತದೆ. ಒಬ್ಬರ ಖಾತೆ ಮುಚ್ಚಿದ ಕಾರಣಕ್ಕೆ ಅದೇ ಬ್ಯಾಚ್‌ನ ಉಳಿದವರೆಲ್ಲರ ಹಣವೂ ದಾಖಲೆಯಿಂದ ಮಾಯ. ಇಲ್ಲಿ ಡಿಎಲ್‌ಕ್ಯೂನಲ್ಲೂ ಕುರುಹು ಸಿಗುವುದಿಲ್ಲ. ಎರಡು ಸಲ ಜಮೆಯಾದದ್ದನ್ನು ಹಿಂದೆ ತೆಗೆಯಬಹುದು. ಜಮೆಯೇ ಆಗದಿದ್ದರೆ ಮೊದಲು ಗುಮಾನಿ ಬೀಳುವುದು ಬಿಸಿಲು ಮಳೆಯೆನ್ನದೆ ಅಂಗಡಿ ಅಂಗಡಿ ಹತ್ತಿಳಿಯುವ ಏಜೆಂಟರ ಮೇಲೆ. 1928ರಲ್ಲಿ ಇದೇ ಉಡುಪಿಯಲ್ಲಿ ಶುರುವಾದ ಪಿಗ್ಮಿ ನಿಂತಿರುವುದೇ ಆ ನಂಬಿಕೆಯ ಮೇಲೆ.

"ಎರಡನೇ ಪ್ರತಿಯನ್ನು ನೀವೇ ಗುರುತಿಸಿ ತಡೆಯಬಾರದೇಕೆ" ಎಂದು ನೀವು ನಮ್ಮನ್ನು ಕೇಳಬಹುದು. ಗುರುತಿಸಲು ಸಂದೇಶದಲ್ಲಿ ಏನಿದೆ? ಏಜೆಂಟ್ ಕೋಡ್, ದಿನಾಂಕ, ರಶೀದಿ ಸಂಖ್ಯೆ. ರಶೀದಿ ಸಂಖ್ಯೆ ಪ್ರತಿ ಬೆಳಿಗ್ಗೆ ಒಂದರಿಂದ ಶುರು. ಮಧ್ಯಾಹ್ನ ಬ್ಯಾಟರಿ ಕೈಕೊಟ್ಟು ಏಜೆಂಟರು ಬದಲಿ ಮೆಷಿನ್ ಹಿಡಿದರೆ ಅದರಲ್ಲೂ ಒಂದರಿಂದಲೇ ಶುರು, ಮೆಷಿನ್ ಸಂಖ್ಯೆಯನ್ನು ನೀವು ಕಳಿಸುವುದಿಲ್ಲ. ಈ ಮೂರನ್ನು ನಂಬಿ ತಡೆದರೆ ನಿಜವಾದ ರಶೀದಿಗಳೇ ತಡೆಯಲ್ಪಡುತ್ತವೆ. ಹೆಡರ್‌ನಲ್ಲಿರುವ ಮೆಸೇಜ್‌ಐಡಿಯೂ ಉಪಯೋಗಕ್ಕಿಲ್ಲ, ಪ್ರತಿ ಕರೆಗೂ ಅದು ಹೊಸದಾಗಿ ಹುಟ್ಟುತ್ತಿದೆ.

ಹಾಗಾಗಿ ಮೆಷಿನ್‌ನಲ್ಲಿ ರಶೀದಿ ಅಚ್ಚಾಗುವ ಗಳಿಗೆಯಲ್ಲೇ ಒಂದು ಯುಯುಐಡಿ (ಬೇರಾವ ರಶೀದಿಗೂ ಬಾರದ ಗುರುತು ಸಂಖ್ಯೆ) ಹುಟ್ಟಬೇಕು, ಎಷ್ಟು ಸಲ ಮರುಕಳಿಸಿದರೂ ಅದೇ ಉಳಿದು, ಸೋಪ್ ಬಾಡಿಯ ಒಳಗೆ ಪ್ರತಿ ರಶೀದಿಯ ಜೊತೆ ಬರಬೇಕು. ಒಂದು ಐಡಿ ಎರಡು ಸಲ ಸೇರದಂತೆ ನಮ್ಮ ಕೋಷ್ಟಕದಲ್ಲಿ ಅದಕ್ಕೆ ಯುನೀಕ್ ಇಂಡೆಕ್ಸ್ ಹಾಕುತ್ತೇವೆ. ಅದೇ ಐಡಿ ಮತ್ತೆ ಬಂದರೆ ಫಾಲ್ಟ್ ಕೊಡುವುದಿಲ್ಲ, ಮೊದಲಿನ ಯಶಸ್ಸಿನ ಉತ್ತರವನ್ನೇ ಮರಳಿಸುತ್ತೇವೆ. ಆಗ ನೀವು ಏಳು ಸಲ ಕಳಿಸಿದರೂ ನಮಗೆ ತೊಂದರೆಯಿಲ್ಲ. ಬ್ಯಾಚ್ ಮತ್ತೆ 50ಕ್ಕೆ ಇಳಿಯಲಿ. ಲಿಸನರ್ ಕೋಡ್ ತಿದ್ದುವಾಗ ಒಂದು ಎಚ್ಚರ: ಸೋಪ್‌ಫಾಲ್ಟ್‌ಎಕ್ಸೆಪ್ಶನ್ ಕೂಡ ವೆಬ್‌ಸರ್ವೀಸ್‌ಎಕ್ಸೆಪ್ಶನ್ ವಂಶದ್ದೇ. ಎರಡನೆಯದನ್ನು ಮಾತ್ರ ಹಿಡಿದರೆ ಫಾಲ್ಟ್ ಮತ್ತು ಟೈಮ್‌ಔಟ್ ಮತ್ತೆ ಕಲಸಿಹೋಗುತ್ತವೆ. ಫಾಲ್ಟ್ ಬಂದ ಸಂದೇಶ ಪ್ರತ್ಯೇಕ ಕ್ಯೂಗೆ ಹೋಗಿ ಮನುಷ್ಯರ ಕಣ್ಣಿಗೆ ಬೀಳಲಿ, ಮರುಪ್ರಯತ್ನ ಟೈಮ್‌ಔಟ್‌ಗೆ ಮಾತ್ರ ಇರಲಿ.

ಇನ್ನು ಖಾತೆದಾರರ ಹೆಸರುಗಳು. ಏಜೆಂಟರಿಗೆಂದು ನೀವು ಸಿದ್ಧಪಡಿಸಿ, ತಾಳೆಗಾಗಿ ನಮಗೂ ಕೊಡುವ ಪಟ್ಟಿಯಲ್ಲಿ ಕನ್ನಡ ಹೆಸರು, ಊರುಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗಿವೆ. ಇದನ್ನೂ ನಮ್ಮ ಪರದೆಯ ಫಾಂಟ್ ಸಮಸ್ಯೆ ಎಂದಿದ್ದೀರಿ. ತಂತಿಯ ಮೇಲಿನ ಬೈಟ್‌ಗಳನ್ನೇ ಹಿಡಿದು ನೋಡಿದ್ದೇವೆ. 'ಉಡುಪಿ' ಎಂಬ ಪದಕ್ಕೆ ಯೂನಿಕೋಡ್‌ನಲ್ಲಿ 5 ಸಂಕೇತ: ಉ, ಡ, ಉಕಾರ, ಪ, ಇಕಾರ. ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಮೊದಲ ಮೂರು 224, 178, 137 ಇರಬೇಕು. ನಿಮ್ಮಿಂದ ಬರುತ್ತಿರುವುದು 5 ಬೈಟ್, ಐದೂ 63, ಅಂದರೆ ಪ್ರಶ್ನಾರ್ಥಕ ಚಿಹ್ನೆ. ನಾವು ತಪ್ಪಾಗಿ ಓದುತ್ತಿದ್ದರೆ 15 ವಿಚಿತ್ರ ಅಕ್ಷರ ಕಾಣಬೇಕಿತ್ತು. ಅಕ್ಷರ ದಾರಿಯಲ್ಲಿ ಕೆಟ್ಟಿಲ್ಲ, ನಿಮ್ಮ ಮನೆಯಿಂದ ಹೊರಡುವಾಗಲೇ ಕೆಟ್ಟಿದೆ.

ಕಾರಣ ಊಹಿಸುವುದು ಕಷ್ಟವಲ್ಲ. ಜಾವಾ 8ರ ಹಳೆ ಸರ್ವರ್‌ನಿಂದ ನೀವು ಜಾವಾ 17ರ ಕಂಟೇನರ್‌ಗೆ ಬಂದಿರಿ. ಕಂಟೇನರ್‌ನಲ್ಲಿ ಲೊಕೇಲ್ (ಭಾಷೆಯ ಸೆಟ್ಟಿಂಗ್) ಹೊಂದಿಸದಿದ್ದರೆ ಜಾವಾ 17ರ ಪೂರ್ವನಿಯೋಜಿತ ಅಕ್ಷರ ಸಂಕೇತ, ಕನ್ನಡವೇ ಇಲ್ಲದ ಆಸ್ಕಿ ಆಗುತ್ತದೆ. ಅಕ್ಷರಗಳನ್ನು ಬೈಟ್ ಮಾಡುವ ಗೆಟ್‌ಬೈಟ್ಸ್ ಎಂಬ ಮೆಥಡನ್ನು ಸಂಕೇತದ ಹೆಸರು ಹೇಳದೆ ಬರಿಗೈಯಲ್ಲಿ ಕರೆದರೆ ಆಸ್ಕಿಗೆ ಸಿಗದ ಪ್ರತಿ ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗುತ್ತದೆ. ಯುಟಿಎಫ್-8 ತಾನಾಗಿಯೇ ಪೂರ್ವನಿಯೋಜಿತವಾದದ್ದು 2022ರ ಜಾವಾ 18ರಿಂದ, ನೀವು ಒಂದು ಮೆಟ್ಟಿಲು ಕೆಳಗೆ ನಿಂತಿದ್ದೀರಿ. ಸದ್ಯಕ್ಕೆ ಜೆವಿಎಂ (ಜಾವಾ ಓಡಿಸುವ ತಂತ್ರಾಂಶ) ಆರಂಭಿಸುವಾಗ ಫೈಲ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಕೊಡಿ. ಶಾಶ್ವತವಾಗಿ, ಗೆಟ್‌ಬೈಟ್ಸ್ ಕರೆಯುವಲ್ಲೆಲ್ಲ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಕಂಟೆಂಟ್-ಟೈಪ್ ಹೆಡರ್‌ನಲ್ಲೂ ಕ್ಯಾರ್‌ಸೆಟ್ ಇರಲಿ.

ಉಳಿದವು ಸಣ್ಣವು. ಸೇವೆಯನ್ನು ಹೇಗೆ ಕರೆಯಬೇಕೆಂದು ವಿವರಿಸುವ ನಿಮ್ಮ ಡಬ್ಲ್ಯೂಎಸ್‌ಡಿಎಲ್ ಕಡತದಲ್ಲಿ ಸೇವೆಯ ವಿಳಾಸದ ಜಾಗದಲ್ಲಿ ನಿಮ್ಮ ಆಂತರಿಕ 10ರ ಸರಣಿಯ ಐಪಿ, 8080 ಪೋರ್ಟ್ ಬರುತ್ತಿದೆ. ಹೊರಗಿನವರಿಗೆ ಅದು ತಲುಪದ ಊರು. ಸಿಎಕ್ಸ್‌ಎಫ್ ಎಂಡ್‌ಪಾಯಿಂಟ್‌ನಲ್ಲಿ ಪಬ್ಲಿಶ್ಡ್ ಎಂಡ್‌ಪಾಯಿಂಟ್ ಯುಆರ್‌ಎಲ್ ಕೊಟ್ಟರೆ ಮುಗಿಯಿತು. ಅಲ್ಲಿಯ ತನಕ ನಾವು ಕ್ಲೈಂಟ್‌ನಲ್ಲೇ ವಿಳಾಸ ಬದಲಿಸಿಕೊಂಡಿದ್ದೇವೆ. ಅದೇ ಸೇವೆ ಯಾರಿಗೂ ಹೇಳದೆ ಸೋಪ್ 1.1ರಿಂದ 1.2ಕ್ಕೆ ಹೋಗಿದೆ. ಟೆಕ್ಸ್ಟ್/ಎಕ್ಸ್‌ಎಂಎಲ್ ಎಂದು ಹೋದ ನಮ್ಮ ಕೋರಿಕೆಗೆ 415 (ಈ ಬಗೆಯದನ್ನು ಒಪ್ಪುವುದಿಲ್ಲ) ಬರುತ್ತದೆ, ಏಕೆಂದರೆ 1.2ಕ್ಕೆ ಅಪ್ಲಿಕೇಶನ್/ಸೋಪ್+ಎಕ್ಸ್‌ಎಂಎಲ್ ಬೇಕು, ಎನ್ವಲಪ್‌ನ ನೇಮ್‌ಸ್ಪೇಸೂ ಬೇರೆ. ಎರಡೂ ಆವೃತ್ತಿಗಳ ಬೈಂಡಿಂಗ್ ಒಟ್ಟಿಗೆ ಇಡಿ. ಪರಿಹಾರವೆಂದು ನೀವು ಕಳಿಸಿದ ಜಾರ್ ಕಡತ ಕ್ಲಾಸ್ ಆವೃತ್ತಿ 61ರದ್ದು, ಅಂದರೆ ಜಾವಾ 17ರದ್ದು; ಜಾವಾ 8ರಲ್ಲಿ ನಡೆಯುವ ನಮ್ಮ ಸಾಫ್ಟ್‌ವೇರ್ 52ರ ಮೇಲೆ ಓದುವುದಿಲ್ಲ. ಆವೃತ್ತಿ ಇಳಿಸಿ ಕಟ್ಟಿದರೂ ಸಾಲದು: ಒಳಗಿರುವುದು ಹೊಸ ಹೆಸರಿನ ಜಕಾರ್ತಾ ಪ್ಯಾಕೇಜ್‌ಗಳು, ನಮ್ಮದು ಇನ್ನೂ ಹಳೆ ಹೆಸರಿನ ಜಾವಾಎಕ್ಸ್.

ಯಾಂತ್ರಿಕ ಬೋಟುಗಳ ಮೇಲಿನ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟ್ 1ರಿಂದ ಮಲ್ಪೆ ಬಂದರಿನ ಸಂಗ್ರಹ ಏರುತ್ತದೆ, ಬ್ಯಾಚ್‌ಗಳು ಈಗಿನದಕ್ಕಿಂತ ಉದ್ದವಾಗುತ್ತವೆ. ಆದ್ದರಿಂದ ಡಿಎಲ್‌ಕ್ಯೂ ಪ್ರತಿ ಮತ್ತು ಜೂನ್ 18ರಿಂದ ಈಚೆಗೆ ಫಾಲ್ಟ್ ಬಂದ ಸಂದೇಶಗಳ ಲಾಗ್ ಎರಡು ದಿನದೊಳಗೆ ನಮ್ಮ ಕೈಸೇರಲಿ. ಬ್ಯಾಚ್ ಗಾತ್ರ, ಅಕ್ಷರ ಸಂಕೇತ ಎರಡೂ ಬರೀ ಸೆಟ್ಟಿಂಗ್, ಜುಲೈ 14ರೊಳಗೆ ಆಗಲಿ. ಯುಯುಐಡಿ ಮತ್ತು ಲಿಸನರ್ ತಿದ್ದುಪಡಿ ಜುಲೈ 25ರೊಳಗೆ ಪರೀಕ್ಷಾ ಸರ್ವರ್‌ಗೆ ಬರಲಿ. ಪರೀಕ್ಷೆಗೆ ನಮ್ಮ ಕಡೆ ಉತ್ತರವನ್ನು ಬೇಕೆಂದೇ 75 ಸೆಕೆಂಡ್ ತಡೆಹಿಡಿಯುವ ಎಂಡ್‌ಪಾಯಿಂಟ್ ಸಿದ್ಧವಿದೆ. ಅದರ ಎದುರು ಒಂದು ರಶೀದಿ ಒಂದೇ ಸಲ ಜಮೆಯಾಗುವ ತನಕ ಈ ತ್ರೈಮಾಸಿಕದ ನಿರ್ವಹಣಾ ಶುಲ್ಕದ ಬಿಲ್ಲನ್ನು ಮಂಜೂರಾತಿಗೆ ಕಳಿಸುವುದಿಲ್ಲ.

ಎಂಜಿನ್‌ಎಕ್ಸ್ ಲಾಗ್, ಬೈಟ್‌ಗಳ ಪ್ರತಿ ಮತ್ತು ಏಳು ಸಲ ಜಮೆಯಾದ ಬ್ಯಾಚ್‌ಗಳ ಪಟ್ಟಿಯನ್ನು ಲಗತ್ತಿಸಿದ್ದೇವೆ. ಪಟ್ಟಿಯಲ್ಲಿ ಖಾತೆದಾರರ ಹೆಸರುಗಳನ್ನು ತೆಗೆದಿದ್ದೇವೆ.

ಇಂತಿ,
ಗಣಕ ವಿಭಾಗದ ಪರವಾಗಿ
ಉಡುಪಿ